ಮುದ್ದೇಬಿಹಾಳದ ದಾರಿಗೆ ಹೊಂದಿಸಿದ ಸಾಮಾನು

ಹಿಂದಿನ ಗಾಲಿಗೆ ಹೊಸ ಟೈರು ಹಾಕಿಸಬೇಕೋ, ಮುಂದಿನ ಗಾಲಿಗೋ ಎಂಬ ಚಿಂತೆಯಲ್ಲಿ ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ. ಎರಡಕ್ಕೂ ಹಾಕಿಸುವಷ್ಟು ದುಡ್ಡಿರಲಿಲ್ಲ. ಇದ್ದದ್ದು ದೀಪಾವಳಿಗೆ ನನ್ನ ಸೀರೆಗೆಂದು ಅಪ್ಪ ತೆಗೆದಿಟ್ಟದ್ದು ಮಾತ್ರ. ಸೀರೆ ಬೇಡ, ಅದನ್ನು ಸೈಕಲ್ಲಿಗೆ ಕೊಡು ಎಂದು ಹಟ ಹಿಡಿದು ಇಸಿದುಕೊಂಡಿದ್ದೆ. ಇಸಿದುಕೊಂಡ ಮೇಲೆ ಖರ್ಚು ಮಾಡಲು ಕೈ ಬರಲೊಲ್ಲದು. ತಪ್ಪು ಸಾಮಾನು ಕೊಂಡರೆ ಸೀರೆಯೂ ಹೋಯಿತು, ನೌಕರಿಯೂ ಹೋಯಿತು.

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ಇಂಡಿಯಲ್ಲಿತ್ತು, ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನಾನು ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಆ ವರ್ಷ ನವರಾತ್ರಿಯ ಹೊತ್ತಿಗೆ ಸಾಲೋಟಗಿಯ ಆಚೆಯ ಒಂದು ಹಳ್ಳಿಯ ಶಾಲೆಗೆ ನನ್ನನ್ನು ನೇಮಿಸಿದ ಆದೇಶ ಬಂತು. ದೀಪಾವಳಿ ಮುಗಿಯುತ್ತಲೇ ಹಾಜರಾಗಬೇಕಿತ್ತು. ಆ ಹಳ್ಳಿಗೆ ಬಸ್ಸಿರಲಿಲ್ಲ. ಅಲ್ಲೇ ಒಬ್ಬಳೇ ಮನೆ ಮಾಡಿಕೊಂಡಿರುವ ಮಾತು ನಮ್ಮಂಥವರ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ದಿನಾ ಸೈಕಲ್ ಮೇಲೆ ಹೋಗಿ ಬರುತ್ತೇನೆ ಎಂದೆ. ಮೊಣಕಾಲು ನೋವೆಂದು ಅಪ್ಪ ಮೂಲೆಗೆ ಆನಿಸಿಟ್ಟಿದ್ದ ಗಂಡಸರ ಸೈಕಲ್ ಹೊಡೆಯುವುದನ್ನು ಅಣ್ಣನಿಂದ ಆಗಲೇ ಕಲಿತಿದ್ದೆ.

"ನಿನಗೇನ ಕಡಿಮಿ ಆಗೇದ?" ಎಂದ ಅಪ್ಪ. "ಇವತ್ತಲ್ಲ ನಾಳೆ ಲಗ್ನ ಆಗತದ. ನೌಕರಿ ಯಾರಿಗೆ ಬೇಕು?"

ನಾನು ಬಿಡಲಿಲ್ಲ. ಮೂರು ಹೊತ್ತೂ ಅದೇ ರಾಗ. ಕೊನೆಗೊಂದು ದಿನ ಊಟಕ್ಕೆ ಕೂತಾಗ ಅಪ್ಪ ಬೇಸತ್ತು ಹೇಳಿದ: "ಆತು. ಅಣ್ಣನ್ನ ಸಂಗಾತ ಕರಕೊಂಡು ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತನಕ ಸೈಕಲ್ ಮ್ಯಾಲೆ ಹೋಗು. ಎಲ್ಲಾ ಕಡೆ ನಮ್ಮವರ ಮನಿ ಅವ. ದಾರ್ಯಾಗ ಒಮ್ಮೆ ಸೈಕಲ್ ಬಸ್ಸಿನ ಮ್ಯಾಲೆ ಏರಿತಂದ್ರ ನೌಕರಿ ಮಾತು ಮುಗೀತು."

"ಏರಲಿಲ್ಲಂದ್ರ?"

"ಆಮ್ಯಾಲೆ ನೋಡೋಣು."

ಆ 'ನೋಡೋಣು' ನನಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನ ಕಚೇರಿಯಲ್ಲಿ ಅರ್ಜಿದಾರರಿಗೆ ಹೇಳುವ ಮಾತು ಅದು. ಆದರೆ ಬೇರೆ ದಾರಿ ಇರಲಿಲ್ಲ. ಇಂಡಿಯ ಓಣಿ ದಾಟಿ ಸೈಕಲ್ ಮೇಲೆ ಎಲ್ಲಿಗೂ ಹೋಗದವಳು ಮೂರು ತಾಲೂಕು ತಿರುಗಿ ಬರಲು ಸಾಮಾನು ಹೊಂದಿಸತೊಡಗಿದೆ.

ನಮ್ಮ ಓಣಿಯ ಸೈಕಲ್ ಅಂಗಡಿಯವನನ್ನು ಕೇಳಿದರೆ ಎಲ್ಲವೂ ಹೊಸದೇ ಬೇಕು. "ಎರಡೂ ಟೈರ್ ಬದಲ ಮಾಡ್ರಿ ಬಾಯಾರ, ಚೈನ್ ಬದಲ ಮಾಡ್ರಿ, ಸೀಟಂತೂ ಬದಲ ಮಾಡಾಕs ಬೇಕ್ರಿ," ಎನ್ನುತ್ತಿದ್ದ. ಹಾಗಾದರೆ ಹಳೆಯದು ಏನು ಉಳಿಯಿತು ಎಂದರೆ, "ಗಂಟಿ ಚಲೋ ಐತ್ರಿ," ಎಂದ. ಅಣ್ಣ ಮುಂದಿನ ಟೈರು ಮುಖ್ಯ ಎಂದ, ಅದು ಒಡೆದರೆ ಮುಖ ಕೆಳಗೆ ಮಾಡಿ ಬೀಳುತ್ತೀ ಎಂದು ಹೆದರಿಸಿದ. ಅಪ್ಪ ಪತ್ರಿಕೆಯಿಂದ ತಲೆ ಎತ್ತದೆಯೇ ಹಿಂದಿನದು ಎಂದ. ನಾನು ಎರಡೂ ಟೈರುಗಳನ್ನು ದಿನಕ್ಕೆ ಹತ್ತು ಸಲ ಹಿಚುಕಿ ನೋಡುತ್ತಿದ್ದೆ. ಹಿಚುಕಿದರೆ ಏನು ತಿಳಿಯಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ.

ಕಡೆಗೆ ಭಾರವೆಲ್ಲ ಹಿಂದೆಯೇ ಬೀಳುತ್ತದೆಂದು ಹಿಂದಿನದಕ್ಕೇ ಹೊಸದು ಹಾಕಿಸಿದೆ. ತೆಗೆದ ಹಳೆಯ ಟೈರಿನ ಒಂದು ತುಂಡನ್ನು ಕತ್ತರಿಸಿ, ಮುಂದಿನ ಟೈರು ಸವೆದಿದ್ದ ಜಾಗದಲ್ಲಿ ಒಳಗಿನಿಂದ ಆಸರೆ ಇಟ್ಟೆವು. ಬ್ರೇಕಿನ ರಬ್ಬರು ಹೊಸದು. ಡೈನಮೊ ಬೇಡವೆಂದೆ, ಕತ್ತಲಾಗುವ ಮೊದಲೇ ನೆಂಟರ ಮನೆ ಸೇರುವವರಿಗೆ ದೀಪ ಯಾಕೆ? ಹಾಗೆಂದು ಹೇಳಿದೆನೇ ಹೊರತು, ಕತ್ತಲಾದರೆ ಏನು ಗತಿ ಎಂದು ಜೀವ ಒಳಗೇ ಪುಕಪುಕ ಎನ್ನುತ್ತಿತ್ತು. ಸೀಟಿನ ಮೇಲೆ ಹರಿದ ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊಲಿದೆ. ಮಳೆ ಬಂದರೆ ನಮ್ಮ ಕಡೆಯ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಅದಕ್ಕೇ ಮುಂದಿನ ಮಡ್‌ಗಾರ್ಡನ್ನು ಬಿಚ್ಚಿ ಮನೆಯಲ್ಲಿಟ್ಟೆ. ನೀರಿನ ಬಾಟಲಿಯನ್ನು ಸೈನ್ಯದಿಂದ ಬಂದಿದ್ದ ನೆರೆಮನೆಯವರಿಂದ ಕಡ ತಂದೆ. ಪಂಕ್ಚರ್ ಅಂಟಿಸುವ ಸಲ್ಯೂಷನ್ ಟ್ಯೂಬು ಸಂತೆಯಲ್ಲಿ ಅಂಗಡಿಗಿಂತ ಅಗ್ಗಕ್ಕೆ ಸಿಕ್ಕಿತು. ಅದೊಂದು ವ್ಯಾಪಾರದಲ್ಲಿ ಗೆದ್ದೆನೆಂದು ಮನೆಯಲ್ಲೆಲ್ಲ ಜಂಬ ಕೊಚ್ಚಿಕೊಂಡೆ.

ದೊಡ್ಡ ತೊಡಕು ಬಂದದ್ದು ಸೀರೆಯಲ್ಲಿ. ಮೈದಾನದಲ್ಲಿ ನಾಲ್ಕು ಸುತ್ತು ಹೊಡೆಯುವಾಗ ಕಚ್ಚೆಯಿಲ್ಲದೆ ಸುತ್ತಿ ಉಡುವ ಗೋಲಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಹೇಗೋ ನಡೆಯುತ್ತಿತ್ತು. ದೂರ ಹೋಗುವ ಅಭ್ಯಾಸವೆಂದು ಊರ ಹೊರಗಿನ ರಸ್ತೆಗೆ ಹೋದ ದಿನ ನೆರಿಗೆ ಚೈನಿಗೆ ಸಿಕ್ಕಿ ನೆಲ ಕಂಡೆ. ಅಣ್ಣ ಚಾಕುವಿನಿಂದ ಸೀರೆ ಕತ್ತರಿಸಿ ಬಿಡಿಸಬೇಕಾಯಿತು. ಇಂಡಿಯಲ್ಲಿ ಆಗ ಹುಡುಗಿಯರು ಪೈಜಾಮ ತೊಡುತ್ತಿರಲಿಲ್ಲ. ಮನೆಗೆ ಬಂದು ಕೈ ಚೆಲ್ಲಿ ಕೂತೆ. ಆಗ ಅವ್ವ ಹಿತ್ತಲಿನಲ್ಲಿ ಏಣಿ ಹತ್ತಿ ನುಗ್ಗೆಸೊಪ್ಪು ಕೊಯ್ಯುತ್ತಿದ್ದಳು. ನಮ್ಮಲ್ಲಿ ಮದುವೆಯಾದವರು ಉಡುವ ಒಂಬತ್ತು ಗಜದ ಸೀರೆ, ಹಿಂದಕ್ಕೆ ಬಿಗಿದ ಕಚ್ಚೆ. ಎರಡು ಕಾಲೂ ಬೇರೆ ಬೇರೆಯಾಗಿ ಸಲೀಸಾಗಿ ಮೇಲೆ ಹೋಗುತ್ತಿದ್ದವು. ಎಷ್ಟೋ ವರ್ಷದಿಂದ ಕಣ್ಣೆದುರಿಗೇ ಇದ್ದದ್ದು ಅವತ್ತು ಕಂಡಿತು.

"ಹುಚ್ಚ ಹಿಡದದ ಏನು?" ಎಂದಳು ಅವ್ವ. "ಲಗ್ನ ಆಗದ ಹುಡುಗಿ ಕಚ್ಚಿ ಉಟ್ಟರ ನೋಡಿದ ಮಂದಿ ಏನಂತಾರ?"

"ಲಗ್ನ ಆಗೇದ ಅಂತಾರ. ಅನ್ನಲಿ. ಚೈನಿಗೆ ಸಿಕ್ಕು ಸಾಯೋದಕ್ಕಿಂತ ಚಲೋ ಅಲ್ಲೇನು?"

ಸಾಯುವ ಮಾತು ಬಂದರೆ ಅವ್ವ ಕರಗುತ್ತಾಳೆಂದು ಗೊತ್ತಿತ್ತು. ತೊಳೆದು ತೊಳೆದು ಬಣ್ಣ ಹೋಗಿ ಮೆತ್ತಗಾಗಿದ್ದ ತನ್ನ ಹಳೆಯ ಸೀರೆಯೊಂದನ್ನು ತೆಗೆದುಕೊಟ್ಟಳು. ಓಣಿಯವರು ಏಳುವ ಮೊದಲೇ ಊರು ದಾಟಬೇಕು ಎಂಬ ಷರತ್ತು ಬೇರೆ. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ ಎಲ್ಲವನ್ನೂ ಬಟ್ಟೆಯಲ್ಲಿ ಬಿಗಿದು, ಮೇಲೆ ಹುರಿಯಿಂದ ಸುತ್ತಿ ಕಟ್ಟಿಕೊಟ್ಟಳು.

ಅಣ್ಣ ಗೆಳೆಯನಿಂದ ಕಡ ತಂದ ಸೈಕಲ್ ಮೇಲೆ ಜೊತೆಗೇ ಇದ್ದರೂ ಸಿಂದಗಿಯವರೆಗೆ ಭಯದಲ್ಲೇ ಹೋದೆ. ಟೈರಿನೊಳಗೆ ಸಣ್ಣ ಸದ್ದಾದರೂ ಇಳಿದು ನೋಡುವುದು, ಬ್ರೇಕು ಹಿಡಿದು ನೋಡುವುದು, ಗಂಟು ಬಿಗಿಯುವುದು. ಅಣ್ಣನಿಗೆ ತಲೆಚಿಟ್ಟು ಹಿಡಿಯಿತು. "ನೀ ಸೈಕಲ್ ಹೊಡೀಲಿಕ್ಕೆ ಬಂದೀಯೋ, ಅದಕ್ಕ ಔಷಧ ಹಾಕಲಿಕ್ಕೆ ಬಂದೀಯೋ?" ಎಂದು ರೇಗಿದ. ಒಂದು ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದು, ನಾನು ಗಾಬರಿಯಾಗಿ ಬ್ರೇಕು ಹಿಡಿದಾಗ ಕೈಯ ಗಾಜಿನ ಬಳೆ ಹ್ಯಾಂಡಲಿಗೆ ತಾಗಿ ಒಡೆದು ಮಣಿಕಟ್ಟಿಗೆ ನಾಟಿತು. ಸಿಂದಗಿಯಲ್ಲಿ ಅತ್ಯಾ, ಅಂದರೆ ಅಪ್ಪನ ತಂಗಿ, ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ಮರುದಿನ ಅವರ ಕಣ್ಣು ತಪ್ಪಿದ ಮೇಲೆ, ಊರ ಹೊರಗೆ, ಉಳಿದ ಬಳೆಗಳನ್ನೂ ಬಿಚ್ಚಿ ಚೀಲದಲ್ಲಿಟ್ಟೆ. ಬರಿಗೈ ನೋಡಿ ಅಣ್ಣ ಮುಖ ಸಿಂಡರಿಸಿದ. ಆದರೆ ಮತ್ತೆ ಕೈ ಕುಯ್ದುಕೊಳ್ಳುವುದಕ್ಕಿಂತ ಅದೇ ಮೇಲೆಂದು ಅವನೂ ಒಪ್ಪಿದ.

ಸಿಂದಗಿಯಿಂದ ಮುದ್ದೇಬಿಹಾಳದ ಹಾದಿ ಎಲ್ಲಕ್ಕಿಂತ ಉದ್ದ. ರಾತ್ರಿ ಒಂದು ಮಳೆ ಬಿದ್ದಿತ್ತು. ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ಗಾಲಿಯೇನೋ ಸಲೀಸಾಗಿ ತಿರುಗಿತು, ಆದರೆ ಮಡ್‌ಗಾರ್ಡಿಲ್ಲದ ಮುಂದಿನ ಗಾಲಿ ಕೆಸರನ್ನೆಲ್ಲ ನನ್ನ ಮುಖಕ್ಕೇ ಎರಚಿತು. ಬಿಸಿಲೇರಿದ ಮೇಲೆ ಬೆವರಿನ ಜೊತೆ ಕುಂಕುಮ ಇಳಿದು ಕಣ್ಣು ಉರಿಯತೊಡಗಿತು. ಸೆರಗಿನಿಂದ ಮುಖವನ್ನೆಲ್ಲ ಒರೆಸಿ ಹಾಕಿದೆ. ಡೋಣಿ ಹೊಳೆ ಇನ್ನೂ ದೂರ ಇರುವಾಗ, ರಸ್ತೆಗೆ ಹತ್ತಿದ ಒಂದು ಸಣ್ಣ ಹಳ್ಳಿಯ ಹತ್ತಿರ ಮುಂದಿನ ಗಾಲಿ ಬುಸ್ಸೆಂದಿತು. ಜಾಲಿಮುಳ್ಳು. ನಾನು ಆಸರೆ ಇಟ್ಟ ಜಾಗವನ್ನು ಬಿಟ್ಟು ಪಕ್ಕದಲ್ಲೇ ಹೊಕ್ಕಿತ್ತು.

ಬೇವಿನ ಮರದ ಕೆಳಗೆ ಟ್ಯೂಬು ಹೊರಗೆ ತೆಗೆದು, ತೂತು ಹುಡುಕಿ, ಉಜ್ಜಿ, ಸಲ್ಯೂಷನ್ ಟ್ಯೂಬಿನ ಮುಚ್ಚಳ ಬಿಚ್ಚಿದೆವು. ಒತ್ತಿದರೆ ಏನೂ ಬರಲಿಲ್ಲ. ಸೀಳಿ ನೋಡಿದರೆ ಒಳಗೆ ಒಣಗಿದ ಅಂಟಿನ ಗೋಲಿ. ಸಂತೆಯಲ್ಲಿ ಅಗ್ಗಕ್ಕೆ ಕೊಂಡು ಜಂಬ ಕೊಚ್ಚಿಕೊಂಡಿದ್ದು! ಇಷ್ಟೆಲ್ಲ ಲೆಕ್ಕ ಹಾಕಿ ಹೊಂದಿಸಿ, ಹೆಬ್ಬೆರಳಿನಷ್ಟು ಸಾಮಾನಿನಲ್ಲಿ ಕೆಟ್ಟೆನಲ್ಲ ಎಂದು ಅಳು ಬಂತು. ನಿಜಕ್ಕೂ ಅತ್ತೆ, ರಸ್ತೆ ಬದಿಯಲ್ಲಿ, ಸದ್ದು ಮಾಡಿ.

ಹಳ್ಳಿಯ ನಾಲ್ಕೈದು ಹೆಂಗಸರು ಬಂದು ನಿಂತರು. ಒಬ್ಬ ಮುದುಕಿ ಹತ್ತಿರ ಕೂತಳು. ಅವಳ ಕಣ್ಣು ನನ್ನ ಕಚ್ಚೆಯ ಮೇಲೆ ಹೋಯಿತು, ಕೊರಳಿಗೆ ಹೋಯಿತು, ಕೈಗೆ ಹೋಯಿತು, ಹಣೆಯ ಮೇಲೆ ನಿಂತಿತು. ಅವಳ ಮುಖ ಬದಲಾಯಿತು. ಅಣ್ಣನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಈಕಿ ನಿಮಗ ಏನಾಗಬೇಕ್ರಿ?"

"ತಂಗಿ."

"ತವರಮನಿಗೆ ಕರಕೊಂಡ ಹೊಂಟೀರೇನ್ರಿ?"

ದಣಿದಿದ್ದ ಅಣ್ಣ ಬೇರೇನೂ ವಿಚಾರ ಮಾಡದೆ, "ನಮ್ಮ ಮನಿಯವರ ಕಡೇನs ಹೊಂಟೀವ್ರಿ," ಎಂದ. ಹೆಂಗಸರೆಲ್ಲ ಒಮ್ಮೆಲೇ ಲೊಚಗುಟ್ಟಿದರು. ಮುದುಕಿ ನನ್ನ ಬೆನ್ನ ಮೇಲೆ ಕೈ ಇಟ್ಟಳು. "ಎಳೀ ಕೂಸಲ್ಲೋ ಯಪ್ಪಾ. ಎಷ್ಟ ದಿನಾ ಆತವ್ವಾ, ಅಂವಾ ಹೋಗಿ?"

ಆಗ ನನಗೆ ಅರ್ಥವಾಯಿತು. ಕಚ್ಚೆ ಉಟ್ಟವಳು ಮದುವೆಯಾದವಳು. ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಬಳೆಯಿಲ್ಲ, ಹಣೆಯಲ್ಲಿ ಕುಂಕುಮವಿಲ್ಲ, ಮೇಲೆ ಬಣ್ಣಗೆಟ್ಟ ಸೀರೆ, ಜೊತೆಗೆ ಅಣ್ಣ, ಸಾಲದ್ದಕ್ಕೆ ಅಳು. ಒಂದೊಂದನ್ನೂ ನಾನು ಸೈಕಲ್ಲಿಗೆ ಅನುಕೂಲವೆಂದು ಆರಿಸಿಕೊಂಡಿದ್ದೆ, ಇಲ್ಲವೇ ಬಿಟ್ಟಿದ್ದೆ. ಎಲ್ಲ ಕೂಡಿ ನನ್ನನ್ನು ವಿಧವೆ ಮಾಡಿಬಿಟ್ಟಿದ್ದವು. ಅವ್ವ ಕೇಳಿದರೆ ಎಂಥ ಅಪಶಕುನ ಎನ್ನುತ್ತಾಳೋ ಎಂದು ಹೆದರಿದೆ. ಇಲ್ಲ, ನನಗೆ ಮದುವೆಯೇ ಆಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಗಾದರೆ ಕಚ್ಚೆ ಯಾಕೆ ಎಂದು ಕೇಳಿದರೆ? ಹುಡುಗನೊಂದಿಗೆ ಓಡಿಹೋಗುತ್ತಿರುವವಳು ಎಂದುಕೊಂಡರೆ? ತೆರೆದ ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಬಸ್ಸು ಬಂತು. ಹೆಂಗಸರೇ ಕೈ ಅಡ್ಡ ಮಾಡಿ ನಿಲ್ಲಿಸಿದರು. ಒಬ್ಬಳು ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದಳು. ಅವನು ನನ್ನ ಮುಖ ನೋಡದೆ, "ಏರ್ರಿ ಅಕ್ಕಾರ, ಸೈಕಲ್ ಮ್ಯಾಲೆ ಹಾಕತೇವಿ," ಎಂದ. ಅಣ್ಣ ಎದ್ದು ನಿಂತೇಬಿಟ್ಟ. "ನಡಿ, ಅಪ್ಪಗ ಯಾರ ಹೇಳತಾರ?" ಎಂದು ಪಿಸುಗುಟ್ಟಿದ.

ನಿಜ, ಯಾರೂ ಹೇಳುತ್ತಿರಲಿಲ್ಲ. ಹೊತ್ತು ನೆತ್ತಿಯಿಂದ ಇಳಿದಿತ್ತು, ದೀಪವಿರಲಿಲ್ಲ, ಹಾದಿ ಇನ್ನೂ ಅರ್ಧ ಉಳಿದಿತ್ತು. ಕಾಲು ತಾವಾಗಿಯೇ ಬಸ್ಸಿನ ಕಡೆ ಎರಡು ಹೆಜ್ಜೆ ಇಟ್ಟವು. ಆಗ ಆ ಮುದುಕಿ, ನನಗೆ ಧೈರ್ಯ ತುಂಬಲೆಂದೇ, ಬೆನ್ನು ಸವರುತ್ತ ಹೇಳಿದಳು: "ಹೋಗವ್ವಾ ಹೋಗು. ನಾಕ ಅಕ್ಷರ ಕಲತಿದ್ದರ ಸಾಲಿ ಮಾಸ್ತರಕಿ ನೌಕರಿ ಹಿಡಿ. ಇನ್ನ ನಿನಗ ಯಾರ ಬ್ಯಾಡ ಅಂತಾರ?"

ನಾನು ನಿಂತಲ್ಲೇ ನಿಂತೆ. ಎಂಥದೋ ಸಿಟ್ಟು ಬಂತು, ಮುದುಕಿಯ ಮೇಲಲ್ಲ, ಯಾರ ಮೇಲೆ ಎಂದು ಆಗ ತಿಳಿಯಲಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಬಳಗದಲ್ಲೇ ಒಬ್ಬಳ ಗಂಡ ತೀರಿಕೊಂಡಾಗ ಅವಳ ನೌಕರಿಯ ಅರ್ಜಿಯನ್ನು ಅಪ್ಪನೇ ಬರೆದುಕೊಟ್ಟಿದ್ದ, ಪಾಪ ಅವಳಿಗೆ ಬೇರೆ ಗತಿ ಏನು ಎಂದು ಕಂಡವರ ಮನೆಬಾಗಿಲಿಗೆ ಓಡಾಡಿದ್ದ. ಅವಳು ದೂರದ ಊರಿನಲ್ಲಿ ಒಬ್ಬಳೇ ಮನೆ ಮಾಡಿಕೊಂಡು ಕಲಿಸುತ್ತಿದ್ದಳು. ಯಾರೂ ಅವಳಿಗೆ ಸೈಕಲ್ ಹೊಡೆದು ತೋರಿಸು ಎಂದಿರಲಿಲ್ಲ. ನಾನು ದಿನಾ ಅತ್ತು ಕರೆದು ಬೇಡಿದರೂ ಸಿಗದದ್ದನ್ನು, ಸತ್ತವನೊಬ್ಬ ಇದ್ದಾನೆಂದು ತಿಳಿದ ಕೂಡಲೇ ಈ ಜನ ಮಡಿಲಿಗೆ ಹಾಕುತ್ತಿದ್ದರು.

"ಬರಂಗಿಲ್ಲ, ಹೋಗ್ರಿ," ಎಂದೆ ಕಂಡಕ್ಟರನಿಗೆ. ಒರಟಾಗಿಯೇ ಬಂತು ಮಾತು. ಬಸ್ಸು ಹೋಯಿತು. ಅಣ್ಣ ತಲೆ ಹಿಡಿದುಕೊಂಡು ಕೂತ.

ರೊಟ್ಟಿಯ ಗಂಟಿಗೆ ಅವ್ವ ಸುತ್ತಿದ್ದ ಹುರಿಯನ್ನು ಬಿಚ್ಚಿದೆ. ಅಂಟು ಇಲ್ಲದಿದ್ದರೆ ಬಿಗಿದು ಕಟ್ಟಿಯಾದರೂ ನೋಡೋಣವೆಂದು, ಟ್ಯೂಬಿನ ತೂತಿದ್ದ ಜಾಗವನ್ನು ಚಿವುಟಿ ಎತ್ತಿ, ಅದರ ಬುಡಕ್ಕೆ ಹುರಿಯನ್ನು ಸುತ್ತಿ ಸುತ್ತಿ ಹಲ್ಲಿನಿಂದ ಜಗ್ಗಿ ಗಂಟು ಹಾಕಿದೆ. ಅಣ್ಣ ಜೊತೆಗೆ ತಂದಿದ್ದ ಪಂಪಿನಿಂದ ಗಾಳಿ ಹೊಡೆದ. ಪೂರ್ತಿ ನಿಲ್ಲಲಿಲ್ಲ, ಪೂರ್ತಿ ಹೋಗಲೂ ಇಲ್ಲ. ಸ್ವಲ್ಪ ದೂರ ಹೋಗುವುದು, ಇಳಿದು ಗಾಳಿ ಹೊಡೆಯುವುದು, ಗಾಳಿ ತೀರಾ ಇಳಿದರೆ ನೂಕಿಕೊಂಡು ನಡೆಯುವುದು. ಗಾಲಿ ಸುತ್ತಿದಾಗೊಮ್ಮೆ ಗಂಟು ಬಂದ ಕಡೆ ಹ್ಯಾಂಡಲು ಎಗರುತ್ತಿತ್ತು. ತಾಳೀಕೋಟೆಯಲ್ಲಿ ಒಂದು ಅಂಗಡಿ ಸಿಕ್ಕಿ ಟ್ಯೂಬು ಅಂಟಿಸಿಕೊಂಡೆವು. ಅಲ್ಲಿಂದಾಚೆ ಹೊತ್ತು ಮುಳುಗುತ್ತದೆಂಬ ಹೆದರಿಕೆಯಲ್ಲಿ ಹೇಗೆ ಹೊಡೆದೆನೋ ನೆನಪಿಲ್ಲ. ಮುದ್ದೇಬಿಹಾಳದ ಹೊರಗೆ ಒಂದು ಬಾವಿಯಲ್ಲಿ ಮುಖ ತೊಳೆದು, ಬಳೆ ಏರಿಸಿ, ಕುಂಕುಮ ಇಟ್ಟುಕೊಂಡೆ. ದಾರಿಯಲ್ಲಿ ನಡೆದದ್ದನ್ನು ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ಅಣ್ಣನಿಂದ ಆಣೆ ಮಾಡಿಸಿಕೊಂಡೆ.

ಮರುದಿನ ಬಸವನ ಬಾಗೇವಾಡಿಯಲ್ಲಿ ಅಕ್ಕನ ಗಂಡನ ಮನೆಯ ಕಟ್ಟೆಯ ಮೇಲೆ ಅಪ್ಪ ಕೂತಿದ್ದ. ಮನೆಯಲ್ಲಿ ಕೂತು ಕಾಯಲಾರದೆ ರಜೆ ಹಾಕಿ ಬಸ್ಸು ಹತ್ತಿ ಬಂದಿದ್ದನಂತೆ. ನಮ್ಮನ್ನು ನೋಡಿದವನೇ ಎದ್ದು ಬಂದು ಮೊದಲು ನನ್ನ ಕೈ ಹಿಡಿದು ಮಣಿಕಟ್ಟಿನ ಬಟ್ಟೆ ನೋಡಿದ. ಆಮೇಲೆ, "ಬಸ್ಸ ಹತ್ತಿಲ್ಲ ಹೌದಲ್ಲೋ?" ಎಂದು ಅಣ್ಣನನ್ನು ಕೇಳಿದ.

"ಹತ್ತಿಲ್ಲ ಅಪ್ಪಾ. ಅವರs ಬಸ್ಸ ನಿಂದರಿಸಿದ್ದರು, ಆದರೂ ಹತ್ತಲಿಲ್ಲ," ಎಂದ ಅಣ್ಣ.

"ಅವರಂದ್ರ ಯಾರು?"

ಆಣೆ ಅಲ್ಲಿಗೆ ಮುಗಿಯಿತು. ಅಪ್ಪನ ಎದುರು ಸುಳ್ಳು ಹೇಳಲು ಅಣ್ಣನಿಗೆ ಯಾವತ್ತೂ ಬಂದಿಲ್ಲ. ಬೇವಿನ ಮರ, ಹೆಂಗಸರು, ಅವರು ಏನು ತಿಳಿದುಕೊಂಡರು, ಮುದುಕಿ ಏನೆಂದಳು, ಎಲ್ಲ ಒದರಿಬಿಟ್ಟ. ನಾನು ನೆಲ ನೋಡುತ್ತ ನಿಂತೆ. ಈಗ ಅಪ್ಪ ಕಿರುಚುತ್ತಾನೆ, ಬಳೆ ಯಾಕೆ ತೆಗೆದೆ ಎನ್ನುತ್ತಾನೆ, ಅವ್ವನಿಗೆ ಹೇಳುತ್ತಾನೆ, ನೌಕರಿಯ ಮಾತು ಇಲ್ಲಿಗೆ ಮುಗಿಯಿತು ಎಂದು ಹೆದರಿದೆ.

ಅಪ್ಪ ಕಿರುಚಲಿಲ್ಲ. ಕಟ್ಟೆಯ ಮೇಲೆ ಕೂತ. ಅಕ್ಕ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ನೋಡಿದಾಗ ಕಣ್ಣು ಕೆಂಪಾಗಿದ್ದವು.

"ಆ ಮುದುಕಿ ಖರೇನs ಹೇಳ್ಯಾಳ," ಎಂದ ಕೊನೆಗೆ. "ಅಂಥಾ ದಿನ ಬಂದಿತ್ತಂದ್ರ ನಾನs ನಿನ್ನ ಅರ್ಜಿ ಬರದು, ನಾನs ಹೋಗಿ ಬಿಟ್ಟು ಬರತಿದ್ದೆ." ಆಮೇಲೆ ಸೈಕಲ್ಲಿನ ಕಡೆ ನೋಡಿದ. "ಆವತ್ತ ಹೂಂ ಅನ್ನಾವ ಇವತ್ತ ಯಾಕ ಬ್ಯಾಡ ಅನ್ನಲಿ? ಹೋಗು. ಹಾಜರಾಗು."

ನಾನು ಅಪ್ಪನ ಪಕ್ಕದಲ್ಲೇ ಕೂತೆ. ಅಪ್ಪ ಆ ಆರಿದ ಚಹಾವನ್ನು ನನ್ನ ಕಡೆ ಸರಿಸಿದ.